ಚೀಟಿಯಲ್ಲಿ ‘ವಾಕಿಂಗ್ ಮಾಡಿ’ ಎಂದಷ್ಟೇ ಬರೆದಿದ್ದರೆ

ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಇಲ್ಲವೇ ಬೈಪಾಸ್ ಮಾಡಿಸಿಕೊಂಡು ಮನೆಗೆ ಬಂದವರ ಡಿಸ್ಚಾರ್ಜ್ ಚೀಟಿಯನ್ನು ಒಮ್ಮೆ ತೆಗೆದು ನೋಡಿ. ಒಂದೊಂದು ಗುಳಿಗೆಯ ಮುಂದೆಯೂ 1-0-1, 0-0-1 ಎಂದು ಲೆಕ್ಕ ಇರುತ್ತದೆ. ಎಷ್ಟು ಮಿಲಿಗ್ರಾಂ, ಊಟಕ್ಕೆ ಮೊದಲೋ ಆಮೇಲೋ ಎಂಬುದೂ ಇರುತ್ತದೆ. ಎಲ್ಲದರ ಕೆಳಗೆ ಒಂದೇ ಒಂದು ಸಾಲು: ‘ದಿನಾಲು ವಾಕಿಂಗ್ ಮಾಡಿ.’ ಎಷ್ಟು ನಿಮಿಷ? ಎಷ್ಟು ಬಿರುಸು? ಏನಾದರೆ ನಿಲ್ಲಿಸಬೇಕು? ಅದು ಯಾವುದೂ ಇರುವುದಿಲ್ಲ. ವ್ಯಾಯಾಮವೂ ಅಳೆದು ಕೊಡಬೇಕಾದ ಔಷಧವೇ. ಅಳತೆ ಹೇಳದೆ ಕೊಟ್ಟರೆ ಜನ ತಮ್ಮ ತಮ್ಮ ಸ್ವಭಾವಕ್ಕೆ ತಕ್ಕಂತೆ ತೆಗೆದುಕೊಳ್ಳುತ್ತಾರೆ.

ಅಂಜುವ ಮನೆಯಲ್ಲಿ “ಅಪ್ಪಾರ, ನೀವ್ ಏನೂ ಮಾಡಬ್ಯಾಡ್ರಿ, ಸುಮ್ನ ಮಕ್ಕೋರಿ” ಎನ್ನುತ್ತ ನೀರಿನ ತಂಬಿಗೆಯನ್ನೂ ಕೈಗೇ ತಂದುಕೊಡುತ್ತಾರೆ. ಹುರುಪಿನವರು ಮೂರನೇ ವಾರಕ್ಕೇ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಏರು ಹತ್ತಲು ಹೊರಡುತ್ತಾರೆ. ಎರಡೂ ತಪ್ಪು, ಅದರಲ್ಲೂ ಮೊದಲನೆಯದು ಹೆಚ್ಚು ಜನರನ್ನು ಕೆಡಿಸುತ್ತದೆ. ಮಲಗಿದಷ್ಟೂ ಕಾಲಿನ ಸ್ನಾಯು ಕರಗುತ್ತವೆ. ಬಲವಿಲ್ಲದ ಸ್ನಾಯು ರಕ್ತದಲ್ಲಿರುವ ಆಮ್ಲಜನಕವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆಗ ಬಚ್ಚಲಿಗೆ ಹೋಗಿ ಬರುವಷ್ಟು ಕೆಲಸಕ್ಕೂ ಹೃದಯ ಜಾಸ್ತಿ ಸಲ ಬಡಿಯಬೇಕಾಗುತ್ತದೆ. ನಿಯಮದಿಂದ ನಡೆದವರಲ್ಲಿ ಇದರ ತಿರುವುಮುರುವು ಆಗುತ್ತದೆ: ಅದೇ ಕೆಲಸವನ್ನು ಕಡಿಮೆ ನಾಡಿಯಲ್ಲಿ, ಕಡಿಮೆ ಬಿಪಿಯಲ್ಲಿ ಮಾಡಿ ಮುಗಿಸುತ್ತಾರೆ. ಬಾಧೆಪಟ್ಟ ಹೃದಯಕ್ಕೆ ಸಿಗುವ ನಿಜವಾದ ವಿಶ್ರಾಂತಿ ಅದು.

ಮೊದಲು ಯಾರು ಶುರು ಮಾಡಬಾರದು ಎಂಬುದನ್ನು ಹೇಳಿಬಿಡಬೇಕು. ಕೂತಲ್ಲೇ ಎದೆ ಹಿಡಿಯುವವರು ಅಥವಾ ಎದೆನೋವು ದಿನದಿಂದ ದಿನಕ್ಕೆ ಕಡಿಮೆ ಶ್ರಮಕ್ಕೇ ಬರತೊಡಗಿದವರು ನಡೆಯಲು ಹೋಗಬಾರದು, ದವಾಖಾನೆಗೆ ಹೋಗಬೇಕು. ಹೃದಯದಿಂದ ರಕ್ತ ಹೊರಬೀಳುವ ಅಯೋರ್ಟಿಕ್ ಕವಾಟ ತೀರಾ ಕಿರಿದಾಗಿ ಅದರಿಂದ ಚಕ್ಕರ ಇಲ್ಲವೇ ದಮ್ಮು ಬರುತ್ತಿದ್ದರೆ, ನಾಡಿಬಡಿತ ಔಷಧಕ್ಕೆ ಇನ್ನೂ ಹಿಡಿತಕ್ಕೆ ಬಂದಿಲ್ಲದಿದ್ದರೆ, ಹೃದಯದ ಸ್ನಾಯುವಿಗೆ ಉರಿಯೂತವಾಗಿದ್ದರೆ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ, ಪಾದ ಬಾತು ರಾತ್ರಿ ಚಪ್ಪಟೆ ಮಲಗಲಾಗದೆ ಎದ್ದು ಕೂಡುವಂತಾಗಿದ್ದರೆ ಕೂಡ ಹೀಗೇ. ಇವೆಲ್ಲ ‘ಈಗ ಬೇಡ’ ಎನ್ನುವ ಸ್ಥಿತಿಗಳು. ಚಿಕಿತ್ಸೆಯಾಗಿ ವೈದ್ಯರು ಹೂಂ ಅಂದ ಮೇಲೆ ಇವರಲ್ಲಿ ಹೆಚ್ಚಿನವರೂ ಶುರು ಮಾಡಬಹುದು. ಇನ್ನು ಆ ದಿನದ ಮಟ್ಟಿಗೆ ಬೇಡ ಎನ್ನುವ ಕಾರಣಗಳಿವೆ: ಜ್ವರ, ವಾಂತಿ-ಭೇದಿ, ಕೂತಾಗಿನ ಬಿಪಿಯಲ್ಲಿ ಮೇಲಿನ ಅಂಕಿ 180 ಅಥವಾ ಕೆಳಗಿನದು 110 ದಾಟಿರುವುದು, ಕೂತಾಗಿನ ನಾಡಿ ನಿಮಿಷಕ್ಕೆ 120ರ ಮೇಲಿರುವುದು. ಜ್ವರವಿದ್ದಾಗ “ಒಂದಿಷ್ಟು ಬೆವರಿದರ ಹೋಗ್ತೈತಿ” ಎಂದು ನಡೆಯಲು ಹೊರಡುವ ಅಭ್ಯಾಸ ನಮ್ಮ ಕಡೆ ಇದೆ. ಹೃದಯದ ತೊಂದರೆ ಇದ್ದವರು ಅದನ್ನು ಬಿಟ್ಟುಬಿಡಬೇಕು. ಜ್ವರ ಇಳಿದು 2-3 ದಿನ ಕಳೆದ ಮೇಲೆ, ಮೊದಲು ಮಾಡುತ್ತಿದ್ದುದರ ಅರ್ಧದಿಂದ ಮತ್ತೆ ಶುರು ಮಾಡಿದರಾಯಿತು.

ಕೈಯಲ್ಲಿರುವ ಕಾಗದ ಓದಲು ಬಂದರೆ ಅರ್ಧ ಕೆಲಸ ಆದಂತೆ. ಎಕೋ, ಅಂದರೆ ಹೃದಯದ ಸ್ಕ್ಯಾನ್ ರಿಪೋರ್ಟಿನಲ್ಲಿ ‘ಇಎಫ್’ ಎಂದು ಒಂದು ಅಂಕಿ ಇರುತ್ತದೆ. ಒಂದು ಬಡಿತದಲ್ಲಿ ಎಡ ಹೃತ್ಕುಕ್ಷಿ, ಅಂದರೆ ಮೈಗೆಲ್ಲ ರಕ್ತ ದಬ್ಬುವ ಹೃದಯದ ಕೋಣೆ, ತನ್ನೊಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಹೊರದಬ್ಬಿತು ಎಂಬ ಲೆಕ್ಕ ಅದು. “ಅರವತ್ತ ಅಷ್ಟ ಬಂದೈತ್ರಿ, ಹಾರ್ಟ್ ಅರ್ಧ ಹೋದಂಗಾತು” ಎಂದು ಗಾಬರಿಯಾಗುವವರು ಬಹಳ. ಇದು ಪರೀಕ್ಷೆಯ ಮಾರ್ಕ್ಸ್ ಅಲ್ಲ. ಯಾರ ಹೃದಯವೂ ಪೂರ್ತಿ ಬರಿದಾಗುವುದಿಲ್ಲ, 50ರಿಂದ 70ರವರೆಗೆ ಇದ್ದರೆ ಪಂಪು ಸರಿಯಾಗಿಯೇ ಇದೆ. 40 ಅಥವಾ ಅದಕ್ಕಿಂತ ಕೆಳಗಿದ್ದರೆ ಬಲ ಕುಗ್ಗಿದೆ ಎಂದರ್ಥ. ಅಂಥವರು ಸಾಧ್ಯವಿದ್ದರೆ ಮೊದಲ ಕೆಲವು ವಾರವನ್ನು ಫಿಸಿಯೋಥೆರಪಿ ವಿಭಾಗದಲ್ಲಿ, ಮಾನಿಟರ್ ಹಚ್ಚಿಕೊಂಡು ಕಳೆಯುವುದು ಒಳ್ಳೆಯದು. ಹೀಗೆ ನಿಗಾದಲ್ಲಿ ವ್ಯಾಯಾಮ ಮಾಡಿಸುವುದಕ್ಕೆ ‘ಕಾರ್ಡಿಯಾಕ್ ರಿಹ್ಯಾಬ್’ ಎನ್ನುತ್ತಾರೆ, ಅದು ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಹೇಳುವವರು ಕಡಿಮೆ.

ಎರಡನೆಯದು ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸುವ ಪರೀಕ್ಷೆ. ಸಾಮಾನ್ಯವಾಗಿ ಬಳಸುವ ಬ್ರೂಸ್ ಪದ್ಧತಿಯಲ್ಲಿ ಗಂಟೆಗೆ 2.7 ಕಿ.ಮೀ. ವೇಗ, ನೂರಕ್ಕೆ 10ರ ಏರಿನಿಂದ ಶುರುವಾಗಿ ಪ್ರತಿ 3 ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. ಆ ರಿಪೋರ್ಟಿನಲ್ಲಿ ನಿಮಗೆ ಬೇಕಾದದ್ದು ಮೂರು ಅಂಕಿ: ಗರಿಷ್ಠ ನಾಡಿ ಎಷ್ಟಿತ್ತು, ನೋವು ಅಥವಾ ಇಸಿಜಿ ಬದಲಾವಣೆ ಬಂದಿದ್ದರೆ ಆಗ ನಾಡಿ ಎಷ್ಟಿತ್ತು, ಒಟ್ಟು ಎಷ್ಟು ಮೆಟ್ಸ್ ಮಾಡಿದಿರಿ. ಒಂದು ಮೆಟ್ ಎಂದರೆ ಸುಮ್ಮನೆ ಕೂತಾಗ ಮೈಗೆ ಬೇಕಾಗುವ ಆಮ್ಲಜನಕ. ಸಪಾಟು ರಸ್ತೆಯಲ್ಲಿ ಗಂಟೆಗೆ 4.8 ಕಿ.ಮೀ. ನಡೆಯಲು ಸುಮಾರು 3.3 ಮೆಟ್ಸ್ ಬೇಕು. ಟಿಎಂಟಿಯಲ್ಲಿ ತೊಂದರೆಯಿಲ್ಲದೆ 7 ಮೆಟ್ಸ್ ಮುಟ್ಟಿದವರಿಗೆ ಇದು ಅರ್ಧಕ್ಕಿಂತ ಕಡಿಮೆ ಭಾರ, 4ಕ್ಕೇ ಸುಸ್ತಾದವರಿಗೆ ಹೆಚ್ಚು-ಕಡಿಮೆ ಪೂರ್ತಿ ಭಾರ. ಒಂದೇ ಕೆರೆಯ ದಂಡೆ, ಒಂದೇ ವೇಗ, ಆದರೂ ಇಬ್ಬರಿಗೆ ಎರಡು ಬೇರೆ ವ್ಯಾಯಾಮ. ಗೆಳೆಯನ ಜೋಡಿ ಹೆಜ್ಜೆ ಹಾಕಲು ಹೋಗಿ ಕೆಡುವುದು ಇಲ್ಲೇ.

ಈಗ ನಾಡಿಯ ಲೆಕ್ಕ. ಜಿಮ್ಮಿನ ಗೋಡೆಯ ಮೇಲೆ ‘220ರಲ್ಲಿ ವಯಸ್ಸು ಕಳೆಯಿರಿ’ ಎಂಬ ಸೂತ್ರ ಇರುತ್ತದೆ. ಹೃದಯದ ತೊಂದರೆ ಇದ್ದವರು ಅದನ್ನು ನಂಬಬಾರದು. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಕಾರ್ವೆಡಿಲಾಲ್ ಈ ಬಗೆಯ ಬೀಟಾ ಬ್ಲಾಕರ್ ಗುಳಿಗೆಗಳು ನಾಡಿಯನ್ನು ಮೇಲೇರಲು ಬಿಡುವುದಿಲ್ಲ. ಅದೇ ಅವುಗಳ ಕೆಲಸ. 58 ವಯಸ್ಸಿನ ಒಬ್ಬರನ್ನು ತೆಗೆದುಕೊಳ್ಳೋಣ. ಸೂತ್ರದ ಪ್ರಕಾರ ಅವರ ಗರಿಷ್ಠ ನಾಡಿ 162, ಅದರ ನೂರಕ್ಕೆ 70 ಎಂದರೆ 113. ಆದರೆ ಬೀಟಾ ಬ್ಲಾಕರ್ ನುಂಗಿ ಮಾಡಿದ ಟಿಎಂಟಿಯಲ್ಲಿ ಅವರ ನಾಡಿ ಏರಿದ್ದೇ 124ಕ್ಕೆ, ಕೂತಾಗ ಇದ್ದದ್ದು 64. ನಡುವಿನ ಅಂತರ 60. ಆ ಅಂತರದ ನೂರಕ್ಕೆ 40, ಅಂದರೆ 24ನ್ನು 64ಕ್ಕೆ ಕೂಡಿಸಿದರೆ 88. ನೂರಕ್ಕೆ 60, ಅಂದರೆ 36ನ್ನು ಕೂಡಿಸಿದರೆ 100. ಅವರು ನಡೆಯಬೇಕಾದದ್ದು 88ರಿಂದ 100ರ ನಡುವೆ. ಗೋಡೆಯ ಸೂತ್ರ ನಂಬಿ 113 ಮುಟ್ಟಲು ಹೋದರೆ ತಮ್ಮ ಮಿತಿಗೆ ತಲೆ ತಾಗಿಸಿಕೊಂಡಂತೆ. ಟಿಎಂಟಿಯಲ್ಲಿ 108ಕ್ಕೇ ನೋವು ಬಂದಿದ್ದರಂತೂ ಮೇಲಿನ ಗೆರೆ ಅದಕ್ಕಿಂತ ಕನಿಷ್ಠ 10 ಕಡಿಮೆ, 98ಕ್ಕೇ ನಿಲ್ಲಬೇಕು. ಒಂದು ಎಚ್ಚರಿಕೆ: ರೋಗ ಪತ್ತೆಗಾಗಿ ಟಿಎಂಟಿ ಮಾಡುವಾಗ ಕೆಲವೊಮ್ಮೆ ಬೀಟಾ ಬ್ಲಾಕರ್ ನಿಲ್ಲಿಸಿ ಮಾಡಿರುತ್ತಾರೆ. ಆ ಅಂಕಿಗಳು ಈಗ ಗುಳಿಗೆ ನುಂಗುತ್ತಿರುವ ನಿಮಗೆ ಹೊಂದುವುದಿಲ್ಲ. ಟಿಎಂಟಿಯೇ ಆಗಿಲ್ಲದಿದ್ದರೆ ಆರಂಭದ ವಾರಗಳಿಗೆ ಒಂದು ಸುರಕ್ಷಿತ ಲೆಕ್ಕವಿದೆ: ಕೂತಾಗಿನ ನಾಡಿಗಿಂತ 20 ಹೆಚ್ಚು, ಅಷ್ಟಕ್ಕೇ ನಿಲ್ಲಿಸಿ.

ನಾಡಿ ಹಿಡಿಯುವುದು ಹೀಗೆ. ಅಂಗೈ ಮೇಲ್ಮುಖ ಮಾಡಿ, ಹೆಬ್ಬೆರಳ ಬುಡದಿಂದ ಎರಡು ಬೆರಳಷ್ಟು ಕೆಳಗೆ, ಮಣಿಕಟ್ಟಿನ ಎಲುಬಿಗೂ ನರಕ್ಕೂ ನಡುವಿನ ತಗ್ಗಿನಲ್ಲಿ ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳು ಇಡಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದಕ್ಕೇ ತನ್ನದೊಂದು ಬಡಿತ ಇರುವುದರಿಂದ ಲೆಕ್ಕ ತಪ್ಪುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಮೇಲಿನ ಉದಾಹರಣೆಯ ಮನುಷ್ಯ ‘15 ಸೆಕೆಂಡಿಗೆ 22ರಿಂದ 25’ ಎಂದು ನೆನಪಿಟ್ಟುಕೊಂಡರೆ ಸಾಕು, ದಾರಿಯಲ್ಲಿ ಗುಣಾಕಾರ ಬೇಕಿಲ್ಲ. ನಿಂತ ಕೂಡಲೇ ಎಣಿಸಬೇಕು. ಅರ್ಧ ನಿಮಿಷ ಬಿಟ್ಟರೆ ನಾಡಿ ಇಳಿದುಬಿಟ್ಟಿರುತ್ತದೆ, ಸುಳ್ಳು ಸಮಾಧಾನ ಆಗುತ್ತದೆ. ಮಣಿಕಟ್ಟಿನ ಮೂಲಕ ಆಂಜಿಯೋ ಆಗಿದ್ದರೆ ಆ ಕೈಯ ನಾಡಿ ಕ್ಷೀಣವಾಗಿರಬಹುದು, ಇನ್ನೊಂದು ಕೈ ಹಿಡಿಯಿರಿ. ಕುತ್ತಿಗೆಯ ನಾಡಿ ಒತ್ತಿ ನೋಡುವುದು ಬೇಡ, ಅಲ್ಲಿ ಒತ್ತಿದರೆ ನಾಡಿಬಡಿತವೇ ಕುಸಿಯಬಹುದು. ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ನಾಡಿ ತಾಳತಪ್ಪಿ ಬಡಿಯುವ ತೊಂದರೆ ಇದ್ದವರು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅವರು ನಾಡಿಗಿಂತ ದಮ್ಮನ್ನೇ ನಂಬುವುದು ಮೇಲು. ಸ್ಮಾರ್ಟ್ ವಾಚ್ ಪಟ್ಟಿ ಸಡಿಲಿದ್ದರೆ ಏನೇನೋ ತೋರಿಸುತ್ತದೆ. ಮೊದಲ ವಾರ ಕೈಯಿಂದ ಎಣಿಸಿದ ಅಂಕಿಯೊಂದಿಗೆ ಹೋಲಿಸಿ ನೋಡಿ.

ಲೆಕ್ಕ ಹಿಡಿಸದವರಿಗೆ ಮಾತಿನ ಪರೀಕ್ಷೆ ಇದೆ. ನಡೆಯುತ್ತ ಪೂರ್ತಿ ಒಂದು ವಾಕ್ಯ ಆಡಲು ಬರಬೇಕು, ಹಾಡಲು ಮಾತ್ರ ಆಗಬಾರದು. ಎರಡು ಶಬ್ದಕ್ಕೊಮ್ಮೆ ಉಸಿರು ಎಳೆಯುವಂತಾದರೆ ವೇಗ ಇಳಿಸಿ. ಶ್ರಮ ಎಷ್ಟು ಅನಿಸುತ್ತಿದೆ ಎಂದು ಅಳೆಯಲು ಫಿಸಿಯೋಥೆರಪಿಸ್ಟರು ಬಳಸುವ ಬೋರ್ಗ್ ಮಾಪಕ 6ರಿಂದ 20ರವರೆಗೆ ಇದೆ. ಅದರಲ್ಲಿ 11ರಿಂದ 13, ಅಂದರೆ ‘ಹಗುರ’ದಿಂದ ‘ಸ್ವಲ್ಪ ಕಷ್ಟ’ದವರೆಗೆ, ನಿಮ್ಮ ಜಾಗ.

ಒಂದು ಸರದಿಗೆ ಮೂರು ಭಾಗ: ಮೈ ಬಿಸಿ ಮಾಡುವುದು, ನಡೆಯುವುದು, ಮೈ ಆರಿಸುವುದು. ನಡುವಿನ ಭಾಗದ ಬಗ್ಗೆ ಎಲ್ಲರೂ ಕೇಳುತ್ತಾರೆ, ಅಪಾಯ ಇರುವುದು ಆಚೀಚಿನ ಎರಡರಲ್ಲಿ. ಮೊದಲ 10 ನಿಮಿಷ ದೇವರ ಗುಡಿಯ ಪ್ರದಕ್ಷಿಣೆಯ ವೇಗ ಸಾಕು. ಹೃದಯಕ್ಕೆ ರಕ್ತ ಕೊಡುವ ನಾಳಗಳು ಅಗಲವಾಗಲು ಸಮಯ ಬೇಕು. ಏಕಾಏಕಿ ಬಿರುಸು ಹಿಡಿದರೆ ಬೇಡಿಕೆ ಮುಂದೆ, ಪೂರೈಕೆ ಹಿಂದೆ ಉಳಿದು ಎದೆ ಹಿಡಿಯುತ್ತದೆ, ನಾಡಿ ತಾಳ ತಪ್ಪಬಹುದು. ಓಡಿಹೋಗಿ ಬಸ್ ಹಿಡಿಯುವುದು ಅರ್ಧ ಗಂಟೆಯ ನಡಿಗೆಗಿಂತ ಅಪಾಯದ್ದು ಎನ್ನುವುದು ಇದಕ್ಕೇ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ ಹೋದರೆ ಹಿಂದೆ ಇನ್ನೊಂದು ಬರುತ್ತದೆ.

ಕೊನೆಯ 10 ನಿಮಿಷದಲ್ಲಿ ಆಗುವ ತಪ್ಪನ್ನು ಯಾವ ಮುಂಜಾನೆಯಾದರೂ ಉಣಕಲ್ ಕೆರೆಯ ಹತ್ತಿರ ನಿಂತು ನೋಡಬಹುದು. ಬಿರುಸಾಗಿ ಸುತ್ತು ಮುಗಿಸಿದವರು ನೇರ ಬಂದು ಕಲ್ಲುಬೆಂಚಿನ ಮೇಲೆ ಕೂತು ಮಾತಿಗೆ ಹತ್ತುತ್ತಾರೆ. ನಡೆಯುವಾಗ ಕಾಲಿನ ರಕ್ತನಾಳಗಳೆಲ್ಲ ತೆರೆದುಕೊಂಡಿರುತ್ತವೆ, ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತಿರುತ್ತದೆ. ತಟ್ಟನೆ ನಿಂತರೆ ಆ ಹಿಂಡುವಿಕೆ ನಿಲ್ಲುತ್ತದೆ, ರಕ್ತ ಕಾಲಲ್ಲೇ ಉಳಿಯುತ್ತದೆ, ಬಿಪಿ ಬೀಳುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಬಿಪಿ ಇಳಿಸುವ ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ನೈಟ್ರೇಟ್ ಗುಳಿಗೆ ನುಂಗುವವರಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಅದೇ ಹೊತ್ತಿಗೆ ರಕ್ತದಲ್ಲಿ ಅಡ್ರಿನಲಿನ್ ಇನ್ನೂ ಮೇಲೇ ಇರುವುದರಿಂದ ನಾಡಿ ತಾಳ ತಪ್ಪುವ ಸಂಭವವೂ ಹೆಚ್ಚು. ಹಾಗಾಗಿ ಬೆಂಚು ಕಂಡ ಮೇಲೂ 10 ನಿಮಿಷ ನಿಧಾನ ಅಡ್ಡಾಡಿ, ನಾಡಿ ಕೂತಾಗಿನದಕ್ಕಿಂತ 10-20ರ ಒಳಗೆ ಬಂದ ಮೇಲೆ ಕೂಡಿ. ಕೂಡಲೇ ಬಿಸಿನೀರ ಸ್ನಾನವೂ ಬೇಡ. ಬಿಸಿನೀರು ಚರ್ಮದ ನಾಳಗಳನ್ನು ಮತ್ತಷ್ಟು ತೆರೆಯುತ್ತದೆ, ಬಚ್ಚಲಲ್ಲಿ ಬೀಳುವುದು ಹೀಗೇ. ಅರ್ಧ ಗಂಟೆ ತಡೆದು ಮಾಡಿ.

ನಿಮಿಷಗಳ ಲೆಕ್ಕಕ್ಕೆ ಬಂದರೆ, ಸ್ಥಿರವಾಗಿರುವವರು ಹೆಚ್ಚು-ಕಡಿಮೆ ಹೀಗೆ ಏರಿಸಬಹುದು. ಮೊದಲ ವಾರ ಸಪಾಟು ಜಾಗದಲ್ಲಿ 5 ನಿಮಿಷ, ದಿನಕ್ಕೆ ಮೂರು ಸಲ, ನಿಮಿಷಕ್ಕೆ 70-80 ಹೆಜ್ಜೆ. ಇಷ್ಟು ನಿಧಾನಕ್ಕೆ ಬೇರೆ ಬಿಸಿ ಮಾಡುವುದು ಬೇಕಿಲ್ಲ, ಇದೇ ಅದು. ಎರಡನೇ ವಾರ 10 ನಿಮಿಷ ಎರಡು ಸಲ, ಮೂರನೇ ವಾರ 15 ನಿಮಿಷ ಎರಡು ಸಲ. ನಾಲ್ಕನೇ ವಾರದಿಂದ ಒಂದೇ ಸಲಕ್ಕೆ 20-25 ನಿಮಿಷ. ಆರರಿಂದ ಎಂಟನೇ ವಾರದ ಹೊತ್ತಿಗೆ ನಡುವಿನ ಭಾಗವೇ 30 ನಿಮಿಷ, ವಾರಕ್ಕೆ 5 ದಿನ, ಅಂದರೆ 150 ನಿಮಿಷ. ಎಷ್ಟೋ ಜನರಿಗೆ ಇದಕ್ಕೆ ಮೂರು ತಿಂಗಳೇ ಹಿಡಿಯುತ್ತದೆ, ಹಿಡಿಯಲಿ. ಏರಿಸುವಾಗ ಮೊದಲು ನಿಮಿಷ, ಆಮೇಲೆ ವೇಗ, ಕೊನೆಗೆ ಏರು. ಒಂದು ವಾರದಲ್ಲಿ ಒಂದನ್ನೇ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಬಂದಾಗ ಯಾವುದರಿಂದ ಬಂತೆಂದು ಗೊತ್ತಾಗುವುದಿಲ್ಲ.

ಏರಿನ ಲೆಕ್ಕ ಬಹಳ ಜನರಿಗೆ ಮೋಸ ಮಾಡುತ್ತದೆ. ಗಂಟೆಗೆ 4.8 ಕಿ.ಮೀ. ವೇಗವನ್ನೇ ಇಟ್ಟುಕೊಂಡು 100 ಮೀಟರಿಗೆ 5 ಮೀಟರ್ ಏರುವ ರಸ್ತೆಗೆ ತಿರುಗಿದರೆ 3.3 ಇದ್ದ ಮೆಟ್ಸ್ 5.3 ಆಗುತ್ತದೆ, ಒಂದೂವರೆ ಪಟ್ಟಿಗಿಂತ ಹೆಚ್ಚು. ಧಾರವಾಡದ ರಸ್ತೆಗಳು ಕಣ್ಣಿಗೆ ಸಪಾಟಾಗಿ ಕಂಡರೂ ಕಾಲಿಗೆ ಏರು-ಇಳಿವು. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ನೆರಳಿದೆ, ಗಾಳಿ ಚೆನ್ನಾಗಿದೆ, ಆದರೆ ಮೊದಲ ತಿಂಗಳಿಗೆ ಅಲ್ಲಿನ ಏರು ಬೇಡ. ಕೆರೆಯ ದಂಡೆ, ಕಾಲೇಜಿನ ಮೈದಾನ, ಓಣಿಯ ಸಪಾಟು ಭಾಗ ಒಳ್ಳೆಯದು. ಒಂದೇ ದಿಕ್ಕಿಗೆ ದೂರ ಹೋಗಬೇಡಿ. ಸುಸ್ತಾದ ಮೇಲೂ ಹೋದಷ್ಟೇ ದೂರ ಮರಳಬೇಕಾಗುತ್ತದೆ. ಮನೆಯ ಸುತ್ತ ಸಣ್ಣ ಸಣ್ಣ ಸುತ್ತು ಹಾಕಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು. ಜೇಬಿನಲ್ಲಿ ಫೋನ್, ನಾಲಿಗೆ ಕೆಳಗಿಡುವ ಗುಳಿಗೆ, ಹೆಸರು-ಕಾಯಿಲೆ-ಔಷಧ ಬರೆದ ಚೀಟಿ ಇರಲಿ. ಶುಗರ್ ಇದ್ದವರು ಚಪ್ಪಲಿಯಲ್ಲಿ ನಡೆಯಬಾರದು, ಕಾಲಿಗೆ ಗಾಯವಾದದ್ದು ತಿಳಿಯುವುದೇ ಇಲ್ಲ.

ನಮ್ಮ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಹುಬ್ಬಳ್ಳಿ, ಗದಗ ಕಡೆ ಮುಂಜಾನೆ ಏಳೂವರೆಯೊಳಗೆ ಮುಗಿಸಿ. ಸೆಕೆಯಲ್ಲಿ ಮೈ ತಣಿಸಲು ರಕ್ತ ಚರ್ಮಕ್ಕೆ ಹರಿಯುತ್ತದೆ, ಅದೇ ವೇಗಕ್ಕೆ ನಾಡಿ ಹೆಚ್ಚಾಗುತ್ತದೆ. ನಾಡಿಯ ಮಿತಿಯನ್ನು ಹಾಗೇ ಉಳಿಸಿಕೊಂಡು ವೇಗ ಇಳಿಸಿ. ನೀರು ಹೋಗುವ ಗುಳಿಗೆ, ಅಂದರೆ ಫ್ಯೂರೋಸೆಮೈಡ್, ಟಾರ್ಸೆಮೈಡ್ ನುಂಗುವವರು ಬೇಗ ಒಣಗುತ್ತಾರೆ. ಹಾಗೆಂದು ಚೆಂಬುಗಟ್ಟಲೆ ನೀರು ಕುಡಿಯುವಂತಿಲ್ಲ. ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಹೇಳಿದ್ದರೆ ಆ ಅಳತೆಯೊಳಗಿಂದಲೇ ನಡಿಗೆಗೆಂದು ಒಂದು ಲೋಟ ಎತ್ತಿಡಿ. ಡಿಸೆಂಬರ್-ಜನವರಿಯ ಚಳಿಯಲ್ಲಿ ನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ. ಬಿಸಿಲು ಬಿದ್ದ ಮೇಲೆ, ಮೂಗು-ಬಾಯಿಗೆ ಮಫ್ಲರ್ ಸುತ್ತಿಕೊಂಡು ಹೊರಡಿ. ನಸುಕಿನ ಐದು ಗಂಟೆಗೇ ಹೋದರೆ ಪುಣ್ಯ ಎಂಬುದೇನೂ ಇಲ್ಲ, ಸಂಜೆಯ ನಡಿಗೆಯ ಫಲ ಕಡಿಮೆಯಲ್ಲ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಪಡಸಾಲೆಯೇ ಸಾಕು. ಉದ್ದ 10 ಮೀಟರ್ ಇದ್ದರೆ ಒಂದು ತುದಿಯಿಂದ ಇನ್ನೊಂದು ತುದಿಗೆ 50 ಸಲ ನಡೆದರೆ ಅರ್ಧ ಕಿಲೋಮೀಟರ್. ತಿರುಗುವಾಗ ಗರ್ರನೆ ತಿರುಗದೆ ಅರ್ಧ ಸುತ್ತು ಹಾಕಿ ತಿರುಗಿ, ಇಲ್ಲದಿದ್ದರೆ ಚಕ್ಕರ ಬರುತ್ತದೆ.

ಊಟವಾದ ಮೇಲೆ ಒಂದೂವರೆ-ಎರಡು ತಾಸು ಬಿಡಿ. ತಂಬಾಕು, ಗುಟ್ಕಾ ಬಾಯಲ್ಲಿಟ್ಟುಕೊಂಡು ನಡೆಯುವವರಿದ್ದಾರೆ. ನಿಕೋಟಿನ್ ನಾಡಿಯನ್ನು ಏರಿಸಿ ಅದೇ ಹೊತ್ತಿಗೆ ಹೃದಯದ ನಾಳವನ್ನು ಬಿಗಿಯುತ್ತದೆ, ಅಂಥ ನಡಿಗೆ ಮಾಡದಿದ್ದರೇ ವಾಸಿ.

ಬೈಪಾಸ್ ಆದವರ ವಿಷಯ ಬೇರೆಯಾಗಿಯೇ ಹೇಳಬೇಕು. ಅವರ ಎದೆಯ ನಡುವಿನ ಎಲುಬನ್ನು ಉದ್ದಕ್ಕೆ ಸೀಳಿ ಮತ್ತೆ ತಂತಿಯಿಂದ ಬಿಗಿದಿರುತ್ತಾರೆ, ಅದು ಕೂಡಿಕೊಳ್ಳಲು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ 2-3 ಕಿಲೋಕ್ಕಿಂತ ಹೆಚ್ಚು ಎತ್ತಬಾರದು, ಕೈ ಊರಿ ಏಳಬಾರದು, ಗಾಡಿ ಹೊಡೆಯಬಾರದು, ಕೆಮ್ಮುವಾಗ ದಿಂಬನ್ನು ಎದೆಗವಚಿ ಹಿಡಿಯಬೇಕು. ಗಂಡಸರಿಗೆ “ಭಾರ ಎತ್ತಬೇಡಿ” ಎಂದರೆ ತಿಳಿಯುತ್ತದೆ. ಹೆಂಗಸರಿಗೆ ಅದೇ ಮಾತು ಹೇಳಿ ಕಳಿಸಿದರೆ ಸಾಲದು, ಅವರ ದಿನದ ಕೆಲಸವನ್ನು ಹೆಸರಿಟ್ಟು ಹೇಳಬೇಕು. ನಳ ಬಂದ ದಿನ ತುಂಬುವ ಕೊಡ 10-15 ಕಿಲೋ ತೂಗುತ್ತದೆ. ರೊಟ್ಟಿ ಬಡಿಯುವುದನ್ನೇ ನೋಡಿ: ಹಿಟ್ಟು ನಾದುವಾಗ ಎರಡೂ ಕೈಯ ಒತ್ತಡ ಎದೆಯ ಎಲುಬಿನ ಮೇಲೆ ಬೀಳುತ್ತದೆ, ಬಡಿಯುವಾಗ ಒಂದೊಂದು ಏಟಿಗೂ ಸೀಳಿದ ಜಾಗ ಅದುರುತ್ತದೆ, ಮೇಲಾಗಿ ಒಲೆಯ ಝಳ, ಇಪ್ಪತ್ತು ರೊಟ್ಟಿ ಮುಗಿದ ಮೇಲೆ ನೆಲಕ್ಕೆ ಕೈಯೂರಿ ಏಳುವುದು. ಕೈಯಿಂದ ಮಾಡುವ ಕೆಲಸ ಅಷ್ಟೇ ಪ್ರಮಾಣದ ಕಾಲಿನ ಕೆಲಸಕ್ಕಿಂತ ನಾಡಿ, ಬಿಪಿ ಎರಡನ್ನೂ ಹೆಚ್ಚು ಏರಿಸುತ್ತದೆ. “ಅತ್ತಿ ಅರ್ಧ ತಾಸು ಅಡ್ಡಾಡತಾರ, ಎರಡ ರೊಟ್ಟಿ ಬಡಿಯಾಕ ಏನಾತು” ಎನ್ನುವ ಮನೆಯವರಿಗೆ ಇದು ಗೊತ್ತಿರಬೇಕು. ಮೂರು ತಿಂಗಳು ತುಂಬುವವರೆಗೆ ಬೇರೆಯವರು ಬಡಿಯಲಿ, ಇಲ್ಲವೇ ಕಟಕ ರೊಟ್ಟಿ ತಂದು ಉಣ್ಣಲಿ. ಎದೆಯಲ್ಲಿ ‘ಕಟ್’ ಎಂದು ಸದ್ದಾದರೆ, ಎಲುಬು ಅಲುಗಿದಂತೆ ಅನಿಸಿದರೆ, ಗಾಯ ಕೆಂಪಾಗಿ ಕೀವು ಬಂದರೆ ಅಂದೇ ತೋರಿಸಬೇಕು. ಎತ್ತಬಾರದು, ಕೈ ಊರಬಾರದು ಎಂಬ ನಿಯಮಗಳು ನಡೆಯುವುದಕ್ಕೆ ಮಾತ್ರ ಅಡ್ಡಿಯಲ್ಲ, ಮೊದಲ ವಾರದಿಂದಲೇ ನಡೆಯಬೇಕು.

ಹಾವೇರಿ ಕಡೆಯ ರೈತರು “ಹೊಲದಾಗ ದುಡೀತೀವಲ್ರಿ, ಬ್ಯಾರೆ ವ್ಯಾಯಾಮ ಯಾಕ?” ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಹೊಲದ ಕೆಲಸ ಒಂದೇ ಹದದಲ್ಲಿ ಇರುವುದಿಲ್ಲ. ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನ ಎಣ್ಣೆ (ಕೀಟನಾಶಕ) ಹೊಡೆಯುವ ಪಂಪು ತುಂಬಿದಾಗ ನೀರಿನ ತೂಕವೇ 16 ಕಿಲೋ, ಕಾಲಡಿಗೆ ಮೆತ್ತನೆಯ ಮಣ್ಣು, ಮೇಲೆ ಬಿಸಿಲು, ಒಂದು ಕೈ ಎಡೆಬಿಡದೆ ಹ್ಯಾಂಡಲ್ ಒತ್ತುತ್ತಿರುತ್ತದೆ. 50 ಕಿಲೋ ಚೀಲ ಎತ್ತುವಾಗ ಉಸಿರು ಬಿಗಿಹಿಡಿದ ಕ್ಷಣಕ್ಕೆ ಬಿಪಿ ಜಿಗಿಯುತ್ತದೆ. ಮೊದಲು ಎಂಟು-ಹತ್ತು ವಾರದ ನಡಿಗೆಯಿಂದ ತಳಪಾಯ ಹಾಕಿ, ಆಮೇಲೆ ಹಗುರ ಕೆಲಸದಿಂದ ಹೊಲಕ್ಕೆ ಮರಳಿ. ಚೀಲ ಮತ್ತು ಪಂಪು ಎಲ್ಲಕ್ಕಿಂತ ಕೊನೆಗೆ, ಅದೂ ವೈದ್ಯರನ್ನು ಕೇಳಿ.

ಉಸಿರು ಬಿಗಿಹಿಡಿಯಬಾರದು ಎಂಬ ಮಾತು ಎಲ್ಲದಕ್ಕೂ ಅನ್ವಯ. ಮಲಬದ್ಧತೆಯಲ್ಲಿ ತಿಣುಕುವುದೂ ಅದೇ, ಅದಕ್ಕೆ ಔಷಧ ಕೇಳಲು ನಾಚಿಕೆ ಬೇಡ. ಯೋಗದಲ್ಲಿ ಕುಂಭಕ, ಭಸ್ತ್ರಿಕಾ, ಕಪಾಲಭಾತಿ, ಶೀರ್ಷಾಸನ, ಸರ್ವಾಂಗಾಸನ ಆರಂಭದಲ್ಲಿ ಬೇಡ. ತಾಡಾಸನ, ಉಸಿರು ತಡೆಯದ ಅನುಲೋಮ-ವಿಲೋಮ, ಶವಾಸನ ಮಾಡಬಹುದು. ಸ್ನಾಯುಬಲದ ವ್ಯಾಯಾಮವನ್ನು ಸ್ಟೆಂಟ್ ಆದವರು ಸುಮಾರು 3 ವಾರ, ಹೃದಯಾಘಾತವಾದವರು 5 ವಾರ, ಬೈಪಾಸ್ ಆದವರು 8ರಿಂದ 12 ವಾರ ಕಳೆದ ಮೇಲೆ, ನಡಿಗೆ ಸರಾಗವಾದ ನಂತರ ಶುರು ಮಾಡಬಹುದು. ಅರ್ಧ ಲೀಟರ್ ನೀರಿನ ಬಾಟಲಿ ಎಂದರೆ ಅರ್ಧ ಕಿಲೋ, ಕೈಗೊಂದು ಸಾಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂಡುವುದು, ಗೋಡೆಗೆ ಕೈಯಿಟ್ಟು ಒತ್ತುವುದು, ಬಾಟಲಿ ಎತ್ತುವುದು, ಒಂದೊಂದು 10-15 ಸಲ, ವಾರಕ್ಕೆರಡು ದಿನ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಎಣಿಕೆಯನ್ನು ಬಾಯಿಬಿಟ್ಟು ಹೇಳುತ್ತ ಮಾಡಿದರೆ ಉಸಿರು ತಾನಾಗಿಯೇ ಬಿಗಿಯುವುದಿಲ್ಲ.

ಪೇಸ್‌ಮೇಕರ್ ಹಾಕಿಸಿಕೊಂಡವರು ಆ ಬದಿಯ ಕೈಯನ್ನು 4-6 ವಾರ ಭುಜಕ್ಕಿಂತ ಮೇಲೆ ಎತ್ತಬಾರದು. ನಾಡಿ ಅಪಾಯದ ಮಟ್ಟಕ್ಕೆ ಏರಿದರೆ ಒಳಗಿನಿಂದಲೇ ಶಾಕ್ ಕೊಡುವ ಐಸಿಡಿ ಯಂತ್ರ ಇದ್ದವರು ಅದು ಯಾವ ನಾಡಿಗೆ ಶಾಕ್ ಕೊಡುವಂತೆ ಇಟ್ಟಿದೆ ಎಂದು ಕೇಳಿ ಬರೆದಿಟ್ಟುಕೊಂಡು, ಅದಕ್ಕಿಂತ 10-20 ಕಡಿಮೆಯಲ್ಲೇ ಇರಬೇಕು. ಹಾರ್ಟ್ ಫೇಲ್ಯೂರ್ ಎಂದರೆ ಹೃದಯ ನಿಂತುಹೋಗುವುದಲ್ಲ, ಪಂಪಿನ ಬಲ ಕುಗ್ಗುವುದು. ಅಂಥವರು ದಿನಾ ಮುಂಜಾನೆ ಮೂತ್ರವಿಸರ್ಜನೆಯಾದ ಮೇಲೆ, ತಿಂಡಿಗೆ ಮೊದಲು ತೂಕ ನೋಡಬೇಕು. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ನಡಿಗೆ ನಿಲ್ಲಿಸಿ ಫೋನ್ ಮಾಡಿ. ಶುಗರಿಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ನಡಿಗೆಗೆ ಮೊದಲು ಶುಗರ್ 100ಕ್ಕಿಂತ ಕೆಳಗಿದ್ದರೆ ಒಂದು ಬಾಳೆಹಣ್ಣು ತಿಂದು ಹೊರಡಿ. ಇದರಲ್ಲಿ ಒಂದು ಸೂಕ್ಷ್ಮವಿದೆ: ಶುಗರ್ ಇಳಿದಾಗ ಆಗುವ ನಡುಕ, ಎದೆಬಡಿತ ಇವನ್ನು ಬೀಟಾ ಬ್ಲಾಕರ್ ಮುಚ್ಚಿಹಾಕುತ್ತದೆ, ಬೆವರು ಮಾತ್ರ ಉಳಿಯುತ್ತದೆ. ಕಾರಣವಿಲ್ಲದೆ ತಣ್ಣಗೆ ಬೆವರಿದರೆ ಕೂತು ಶುಗರ್ ನೋಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಟಿಕಾಗ್ರೆಲಾರ್ ಗುಳಿಗೆ ಕೆಲವರಿಗೆ ಸುಮ್ಮನೆ ಕೂತಾಗಲೂ ದಮ್ಮು ಹತ್ತಿದಂತೆ ಮಾಡುತ್ತದೆ. ಅಂಥ ಅನುಮಾನ ಬಂದರೆ ವೈದ್ಯರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಹೋಗುವ ಅಪಾಯ ಬರುತ್ತದೆ.

ನಿಲ್ಲಿಸಬೇಕಾದ ಸೂಚನೆಗಳು: ಎದೆ ಬಿಗಿತ ಅಥವಾ ಉರಿ, ಎಡಗೈ, ದವಡೆ, ಬೆನ್ನ ನಡುವೆ ನೋವು, ಮಾತಾಡಲಾಗದಷ್ಟು ದಮ್ಮು, ಚಕ್ಕರ, ತಣ್ಣನೆಯ ಬೆವರು, ಎದೆಯಲ್ಲಿ ಪಟಪಟ ಬಡಿತ. ಹೆಂಗಸರಲ್ಲಿ, ಶುಗರ್ ಇದ್ದವರಲ್ಲಿ ಎದೆನೋವೇ ಇಲ್ಲದೆ ಬರೀ ದಮ್ಮು, ಓಕರಿಕೆ, ವಿಪರೀತ ಸುಸ್ತು ಇಷ್ಟೇ ಇರಬಹುದು. “ಗ್ಯಾಸ್ ಆಗೈತಿ, ರಾತ್ರಿ ಮಿರ್ಚಿ ತಿಂದಿದ್ದೆ” ಎಂದು ಸೋಡಾ ಕುಡಿಯುತ್ತ ಕಳೆಯುವ ಹೊತ್ತೇ ಪ್ರಾಣಕ್ಕೆ ಮುಳುವು. ನಡೆದಾಗ ಬಂದು ನಿಂತಾಗ ಹೋಗುವ ‘ಗ್ಯಾಸ್’ ಗ್ಯಾಸ್ ಅಲ್ಲ.

ಆಗ ಮಾಡಬೇಕಾದದ್ದು: ನಡೆಯುವುದನ್ನು ನಿಲ್ಲಿಸಿ, ಕೂಡಿ. ವೈದ್ಯರು ಬರೆದುಕೊಟ್ಟ ಸಾರ್ಬಿಟ್ರೇಟ್ 5 ಮಿಲಿಗ್ರಾಂ ಗುಳಿಗೆಯನ್ನು ಕೂತ ಮೇಲೇ ನಾಲಿಗೆ ಕೆಳಗಿಡಿ. ನಿಂತೇ ಇಟ್ಟರೆ ಬಿಪಿ ಬಿದ್ದು ನೀವೂ ಬೀಳುತ್ತೀರಿ. ಅದನ್ನು ನುಂಗಬಾರದು. ಚಕ್ಕರ ಬರುತ್ತಿದ್ದರೆ, ಬಿಪಿ ಕಡಿಮೆ ಇದ್ದರೆ ಇಡಬೇಡಿ. ಗಂಡಸರು ಲೈಂಗಿಕ ತೊಂದರೆಗೆ ನುಂಗುವ ಗುಳಿಗೆಗಳಾದ ಸಿಲ್ಡೆನಾಫಿಲ್ ನುಂಗಿ 24 ತಾಸು, ಟಡಾಲಾಫಿಲ್ ನುಂಗಿ 48 ತಾಸು ಆಗಿಲ್ಲದಿದ್ದರಂತೂ ಇಡಲೇಬಾರದು. 5 ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. ಮಗ ಬೈಕ್ ತರಲಿ ಎಂದು ಕಾಯಬೇಡಿ, ನೀವೇ ಗಾಡಿ ಹೊಡೆದುಕೊಂಡು ಹೋಗಬೇಡಿ. ಹಳ್ಳಿಯಲ್ಲಿದ್ದರೆ ಹುಬ್ಬಳ್ಳಿಯೇ ಆಗಬೇಕೆಂದು ಹಟ ಹಿಡಿಯದೆ ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ. 2023ರಲ್ಲಿ ಶುರುವಾದ ಡಾ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಲಾಗಿದೆ.

ಯಾರೂ ಕೇಳದೆ ಮನಸ್ಸಲ್ಲೇ ಇಟ್ಟುಕೊಳ್ಳುವ ಪ್ರಶ್ನೆಯೊಂದಿದೆ: ಗಂಡ-ಹೆಂಡತಿಯ ಸಂಬಂಧ ಯಾವಾಗ? ಅದಕ್ಕೆ ಬೇಕಾಗುವುದು 3ರಿಂದ 5 ಮೆಟ್ಸ್. ಎರಡು ಮಹಡಿ ಮೆಟ್ಟಿಲನ್ನು ಚುರುಕಾಗಿ ಹತ್ತಿದಾಗ ಎದೆನೋವು, ದಮ್ಮು ಬಾರದಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಬೈಪಾಸ್ ಆದವರು ಎದೆಯ ಎಲುಬು ಕೂಡುವವರೆಗೆ ಅದರ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕು.

ಕಡೆಯದಾಗಿ, 200 ಪುಟದ ಒಂದು ನೋಟ್‌ಬುಕ್ ತಂದು ಗೆರೆ ಹಾಕಿ. ತಾರೀಖು, ತೂಕ, ಹೊರಡುವ ಮೊದಲಿನ ನಾಡಿ, ನಡುವೆ ಏರಿದ ನಾಡಿ, ಮುಗಿಸಿ 10 ನಿಮಿಷವಾದ ಮೇಲಿನ ನಾಡಿ, ಎಷ್ಟು ನಿಮಿಷ, ಬೋರ್ಗ್ ಅಂಕಿ, ಏನಾದರೂ ತೊಂದರೆ, ಹೀಗೆ ಎಂಟು ಕಾಲಂ. ಅದೇ ದಾರಿಯನ್ನು ಅದೇ ಹೊತ್ತಿನಲ್ಲಿ ನಡೆದಾಗ ಮೂರು-ನಾಲ್ಕು ವಾರದಲ್ಲಿ ನಡುವಿನ ನಾಡಿ ಐದಾರು ಇಳಿದಿದ್ದರೆ ಔಷಧ ಹತ್ತುತ್ತಿದೆ ಎಂದು ಅರ್ಥ. ಸುಸ್ತು ಮರುದಿನಕ್ಕೂ ಉಳಿದರೆ ಹಿಂದಿನ ವಾರದ ಅಳತೆಗೆ ಇಳಿಯಿರಿ. ಒಪಿಡಿಯಲ್ಲಿ ವೈದ್ಯರ ಹತ್ತಿರ ನಿಮಗೆ ಸಿಗುವುದು ನಾಲ್ಕೈದು ನಿಮಿಷ. “ವಾಕಿಂಗ್ ಮಾಡ್ತೀನ್ರಿ” ಎನ್ನುವ ಬದಲು ಆ ಪುಟ ತೆರೆದಿಟ್ಟು, ತೊಂದರೆ ಬಂದ ದಿನದ ಸಾಲಿಗೆ ಬೆರಳಿಟ್ಟು ತೋರಿಸಿ. ಮುಂದಿನ ಚೀಟಿಯಲ್ಲಿ ನಾಡಿಯ ಮಿತಿ ಮತ್ತು ನಿಮಿಷ ಎರಡನ್ನೂ ಬರೆದುಕೊಡಿ ಎಂದು ಅಲ್ಲೇ ಕೇಳಿ.